ತವರಿನ ಕಂಪ್ಯೂಟರ್ ಮತ್ತು ನನ್ನ ಲೋಡ್ ಬ್ಯಾಲೆನ್ಸರ್

ಲೋಡ್ ಬ್ಯಾಲೆನ್ಸರ್ ಎಂಬ ಸಾಫ್ಟ್‌ವೇರನ್ನು ಕಾಫಿ ಆರುವುದರೊಳಗೆ ಕೂರಿಸಿಬಿಡುತ್ತೇನೆ ಎಂದು ನಾನು ಹೇಳಿದ್ದು ನಿಜ. ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು ಇನ್ನೇನು ಹೇಳಬೇಕು!

ಓಣಂ ಹಬ್ಬಕ್ಕೆ ಕೇರಳಕ್ಕೆ ಹೋಗುವ ಲಾರಿಗಳಲ್ಲಿ ನಮ್ಮ ಸುತ್ತಿನ ರೈತರು ಜಾಗ ಕಾದಿರಿಸಲೆಂದು ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಬೆಳಿಗ್ಗೆ ಜಾಗ ಸಿಗದಿದ್ದರೆ ಕಿತ್ತ ಹುರುಳಿಕಾಯಿ ಅಂಗಳದಲ್ಲೇ ಬಾಡುತ್ತದೆ. ನಮ್ಮ ಮನೆಯ ಹಳೇ ಕಂಪ್ಯೂಟರ್ ಒಂದೇ ಸಾಲದೆಂದು, ಚಾಮರಾಜನಗರದ ಭಾವ, ಅಂದರೆ ನನ್ನ ಹೆಂಡತಿ ಗಿರಿಜೆಯ ಅಣ್ಣ, ತಮ್ಮ ಮನೆಯ ಹೊಸ ಕಂಪ್ಯೂಟರನ್ನೂ ಸಹಾಯಕ್ಕೆ ಬಿಟ್ಟುಕೊಟ್ಟರು. ಮದುವೆ ಊಟದ ಬಾಗಿಲಲ್ಲಿ ನಿಂತು "ನೀವು ಈ ಪಂಕ್ತಿ, ನೀವು ಆ ಪಂಕ್ತಿ" ಎನ್ನುವ ಹಿರಿಯರ ಹಾಗೆ, ಬಂದವರನ್ನು ಎರಡೂ ಕಂಪ್ಯೂಟರಿಗೆ ಹಂಚುವುದೇ ಲೋಡ್ ಬ್ಯಾಲೆನ್ಸರಿನ ಕೆಲಸ.

ಹೊಸದಕ್ಕೆ ಹೆಚ್ಚು ಪಾಲು ಬರೆಯುತ್ತಿದ್ದೆ. ಗಿರಿಜೆ ನೋಡಿದಳು.

"ತವರಿನ ಕಂಪ್ಯೂಟರ್ ಕಣ್ರೀ ಅದು! ಸಹಾಯಕ್ಕೆ ಕೊಟ್ರೆ ಎತ್ತಿನಂಗೆ ದುಡಿಸೋದಾ? ಅತ್ತಿಗೆ ಏನಂದ್ಕತಾರೆ?"

ನಂಟಸ್ತನದ ಪ್ರಶ್ನೆ. ತಾಂತ್ರಿಕ ವಿಚಾರಗಳನ್ನು ಬದಿಗಿಟ್ಟು ನಮ್ಮ ಮುದಿ ಕಂಪ್ಯೂಟರಿಗೆ ಒಂಬತ್ತು ಪಾಲು, ತವರಿನದಕ್ಕೆ ಒಂದು ಪಾಲು ಎಂದು ಬರೆದೆ. ಮರ್ಯಾದೆ ಉಳಿಯಿತು!

ಬೆಳಿಗ್ಗೆ ಬುಕಿಂಗ್ ತೆರೆದದ್ದೇ ನಮ್ಮದು ಏದುಸಿರು ಬಿಡತೊಡಗಿತು. ಹಂಗಳದ ರೈತ ಬಸಪ್ಪನವರ ಫೋನ್ ಬಂತು.

"ಮೇಷ್ಟ್ರೇ, ಉರುಳಿಕಾಯಿ ಕಿತ್ತಾಗದೆ. ನಿಮ್ದು ಬರೀ ಗಿರಗಿರನೆ ಸುತ್ತುತಾ ಅದೆ!"

ಗಾಬರಿಯಲ್ಲಿ ಸಮಪಾಲು ಮಾಡಿದೆ. ಈಗ ಒಮ್ಮೆ ಒತ್ತಿದರೆ ಈ ಕಂಪ್ಯೂಟರ್, ಇನ್ನೊಮ್ಮೆ ಒತ್ತಿದರೆ ಆ ಕಂಪ್ಯೂಟರ್. ಬಸಪ್ಪನವರು ಇಲ್ಲಿ ಹೆಸರು ಹೇಳಿ ಒಳಗೆ ಬರುವುದು, ಮುಂದಿನ ಪುಟದಲ್ಲಿ ಆ ಇನ್ನೊಂದು ಕಂಪ್ಯೂಟರ್ "ನೀವು ಯಾರು?" ಎಂದು ಕೇಳುವುದು! ಒಮ್ಮೆ ಬಂದವರನ್ನು ಅದೇ ಕಂಪ್ಯೂಟರಿಗೆ ಮತ್ತೆ ಕಳಿಸು ಎಂಬ ಸಾಲನ್ನು ನಾನು ಬರೆದೇ ಇರಲಿಲ್ಲ.

"ನಿಮ್ಮ ಮದ್ವೇಲಿ ಪಾಯಸ ಬಡಿಸ್ದವ ನಾನು! ನನ್ನೇ ಯಾರು ಅಂತ ಕೇಳ್ತದಲ್ಲ!"

ನನಗೆ ನಿಜವಾಗಿ ಅವಮಾನವಾಯಿತು. ಸರಿಪಡಿಸಲು ಹೋಗಿ ಇನ್ನೊಂದು ಎಡವಟ್ಟು ಮಾಡಿದೆ. ಲೋಡ್ ಬ್ಯಾಲೆನ್ಸರ್ ಆಗಾಗ ಕಂಪ್ಯೂಟರುಗಳ ಕ್ಷೇಮ ವಿಚಾರಿಸುತ್ತದೆ. ಉತ್ತರ ಬರದಿದ್ದರೆ ಅದನ್ನು ಕೈಬಿಡುತ್ತದೆ. ಆ ಕಾಯುವ ಹೊತ್ತನ್ನು ತೀರಾ ಕಡಿಮೆ ಮಾಡಿಬಿಟ್ಟೆ. ನಮ್ಮ ಮುದಿ ಕಂಪ್ಯೂಟರ್ "ಚೆನ್ನಾಗಿದ್ದೀನಿ" ಎನ್ನುವಷ್ಟರಲ್ಲಿ ಸತ್ತಿದೆಯೆಂದು ಘೋಷಣೆಯಾಯಿತು! ಹೋಗಲಿ, ಹೊಸದೊಂದಿದೆಯಲ್ಲ ಎಂದುಕೊಂಡೆ. ಅದೂ ನಿಂತಿತು. ಭಾವನಿಗೆ ಫೋನ್ ಮಾಡಿದೆ.

"ಪಾಪ, ಮುಟ್ಟುದ್ರೆ ಕಾವು ಒಡೀತಿತ್ತು ಮೇಷ್ಟ್ರೇ. ಸುಧಾರಿಸ್ಕಳ್ಳಿ ಅಂತ ಆಫ್ ಮಾಡ್ಬುಟ್ಟೆ."

ಲಾರಿಗಳು ಕಾಯುತ್ತಿದ್ದವು. ನಾನು ತಲೆ ಮೇಲೆ ಕೈಹೊತ್ತು ಕೂತೆ. ಗಿರಿಜೆ ನನ್ನ ಫೋನ್ ಕಿತ್ತುಕೊಂಡು ರೈತರ ಗುಂಪಿಗೆ ದನಿ ಸಂದೇಶ ಹಾಕಿದಳು: "ಹಂಗಳ, ಗುಂಡ್ಲುಪೇಟೆ ಕಡೆಯೋರು ನಂಗೆ ಫೋನ್ ಮಾಡಿ. ಬದನಗುಪ್ಪೆ, ಚಾಮರಾಜನಗರ ಕಡೆಯೋರು ನಮ್ಮಣ್ಣಂಗೆ ಮಾಡಿ." ಆಮೇಲೆ ಅಣ್ಣನಿಗೆ ಗದರಿದಳು: "ತಿಂಡಿ ಆಮೇಲೆ ತಿನ್ನು, ಮೊದ್ಲು ಫೋನ್ ಎತ್ತು!"

"ತವರಿನವರನ್ನು ದುಡಿಸಬಾರದು ಅಂದೆಯಲ್ಲ?" ಎಂದೆ.

"ಅಣ್ಣನ್ನ ದುಡಿಸ್ಬೋದು ಕಣ್ರೀ. ಕಂಪ್ಯೂಟರ್ ಅತ್ತಿಗೇದು!"

ಫೋನ್ ಬಂದಂತೆ ಇಬ್ಬರೂ ಹಾಳೆಯಲ್ಲಿ ಹೆಸರು ಬರೆದುಕೊಂಡು ಲಾರಿಗಳಲ್ಲಿ ಜಾಗ ಹಂಚಿದರು. ಬಸಪ್ಪನವರ ಹುರುಳಿಕಾಯಿ ಬಾಡುವ ಮೊದಲೇ ಲಾರಿ ಹತ್ತಿ ಘಟ್ಟ ಇಳಿಯಿತು. ನಾನು ಗಿರಿಜೆಯ ದಾರಿಯನ್ನೇ ಹಿಡಿದು ಸಾಫ್ಟ್‌ವೇರ್ ತಿದ್ದಿದೆ: ಒಮ್ಮೆ ಹೋದವರು ಮತ್ತೆ ಅಲ್ಲಿಗೇ. ಕ್ಷೇಮ ವಿಚಾರಿಸುವಾಗ ಸ್ವಲ್ಪ ತಾಳ್ಮೆ. ಅತ್ತಿಗೆಯ ಒಪ್ಪಿಗೆ ಪಡೆದು ಪಾಲನ್ನೂ ಸರಿಮಾಡಿದೆ. ಮುಂದಿನ ಬುಕಿಂಗಿನಲ್ಲಿ ಅದು ಬಸಪ್ಪನವರನ್ನು ಕೊನೆಯವರೆಗೂ ಗುರುತು ಹಿಡಿಯಿತು. ಖುಷಿಗೆ ನಾನು ಕುಣಿಯುವುದೊಂದು ಬಾಕಿ!

ಆದರೂ ಎಲ್ಲ ನಿಂತರೆ ಇರಲಿ ಎಂದು ಗಿರಿಜೆ, ಅಂದು ನಮ್ಮ ಮನೆಗೇ ಬಂದಿದ್ದ ಭಾವ ಇಬ್ಬರೂ ಫೋನ್ ಹಿಡಿದು ತಯಾರಾಗಿ ಕೂತಿದ್ದರು. ನನ್ನ ನಂಬರನ್ನೂ ಕೊಡು ಎಂದೆ.

"ನಿಮ್ಮ ಪಾಲು ಸೊನ್ನೆ ಕಣ್ರೀ. ಓಗಿ, ನಮ್ಗೆ ಟೀ ಕಾಸಿ."

ಕಾಸಿದೆ. ಮೂರು ಲೋಟಕ್ಕೆ ಹಂಚಿದೆ. ಸಕ್ಕರೆಯೆಲ್ಲ ಭಾವನ ಲೋಟಕ್ಕೇ ಹೋಗಿತ್ತು!