ಚಲುವಯ್ಯನವರ ಹುತ್ತಾವತಾರ

ಸ್ವಂತ ಮನೆಯಲ್ಲೇ ತಮ್ಮನ್ನು ಕೇಳುವವರಿಲ್ಲ ಅನ್ನೋದು ಕಂಪಲಾಪುರದ ಚಲುವಯ್ಯನವರ ಹೊಸ ದುಃಖ. ಹೊಗೆಸೊಪ್ಪು ಬೆಳೆದು, ಒಂದು ಸಲ ಪಂಚಾಯ್ತಿ ಮೆಂಬರೂ ಆಗಿ, ದಿನಾ ಮೀಸೆಗೆ ಎಣ್ಣೆ ತೀಡುವ ಗಂಡಸು ಜಗಲಿಯಲ್ಲಿ ಕೂತಿದ್ದರೂ ಮರ್ಯಾದೆಯೆಲ್ಲ ಹೆಂಡತಿ ಸರ್ವಮಂಗಳಮ್ಮನಿಗೆ!

ಇದಕ್ಕೆ ಕಾರಣ ಶಿವಾನಿ, ಸರ್ವಮಂಗಳಮ್ಮನ ತಮ್ಮನ ಮಗಳು. ಮೈಸೂರಲ್ಲಿ ಫ್ಯಾಷನ್ ಡಿಸೈನ್ ಓದುವ ಹುಡುಗಿ, ಕೊನೇ ವರ್ಷದ ಪ್ರದರ್ಶನಕ್ಕೆ ಬಟ್ಟೆ ಮಾಡಲು ಅತ್ತೆ ಮನೆಗೆ ಬಂದಿದ್ದಳು. ಜೊತೆಗೊಂದು ತ್ರೀಡಿ ಪ್ರಿಂಟರು. ಆ ಯಂತ್ರ ಪ್ಲಾಸ್ಟಿಕ್ ದಾರವನ್ನು ಕರಗಿಸಿ, ಪದರದ ಮೇಲೆ ಪದರ ಇಟ್ಟು, ಕಂಪ್ಯೂಟರಿನಲ್ಲಿ ಬರೆದ ಆಕಾರವನ್ನೇ ಕಣ್ಣೆದುರು ಎಬ್ಬಿಸಿ ನಿಲ್ಲಿಸುತ್ತಿತ್ತು.

"ಬಟ್ಟೆ ಅಂದ್ರೆ ಹೊಲೀಬೇಕು ಕಣವ್ವ. ಇದೇನು ಶ್ಯಾವಿಗೆ ಒತ್ತಿದಂಗೆ?" ಅಂದರು ಚಲುವಯ್ಯ.

"ಇದು ಮೈಮೇಲೆ ತೊಡೋ ಶಿಲ್ಪ, ಮಾವ. ಹುತ್ತದ ಥರ ಗೌನು ಮಾಡ್ತೀನಿ."

ಹಾಗೆಂದವಳೇ ಹೊಲದ ಬದುವಿನಲ್ಲಿದ್ದ ಹುತ್ತದ ಸುತ್ತ ಬಂದು ಅದರ ಆಕಾರವನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಲು ಹೊರಟಳು. ಚಲುವಯ್ಯ ಪಂಚೆ ಎತ್ತಿ ಕಟ್ಟಿ ಅಡ್ಡ ಓಡಿದರು.

"ನಾಗಪ್ಪನ ಹುತ್ತ ಕಣವ್ವ ಅದು! ಫೋನ್ ಹಿಡ್ಕಂಡು ಸುತ್ತ ಸುತ್ತತೀಯಾ?"

"ಇದೂ ಪ್ರದಕ್ಷಿಣೆನೇ, ಮಾವ."

"ಚಪ್ಪಲಿ ಹಾಕ್ಕಂಡಾ? ನಡಿ ಮನೆಗೆ!"

ಶಿವಾನಿ ಸಪ್ಪೆ ಮುಖ ಹೊತ್ತು ವಾಪಸಾದಳು. ಹುತ್ತ ಸಿಗದಿದ್ದರೂ ಅಳತೆಯಾದರೂ ಆಗಲಿ ಅಂತ ಅತ್ತೆಯನ್ನು ಮಣೆಯ ಮೇಲೆ ನಿಲ್ಲಿಸಿ, ಫೋನು ಹಿಡಿದು ಸುತ್ತು ಬಂದಳು. ನಮ್ಮ ಮಣ್ಣಿನ ಉಡುಪನ್ನು ನಮ್ಮ ಮಣ್ಣಿನ ಹೆಂಗಸೇ ತೊಡಬೇಕು ಅನ್ನೋದು ಅವಳ ಹಟ. ಬಿದಿರು ಗಳದಂಥ ಸರ್ವಮಂಗಳಮ್ಮ ನಾಚಿಕೊಂಡೇ ಒಪ್ಪಿದ್ದರು.

ಚಲುವಯ್ಯನವರಿಗೆ ತಡೆಯಲಾಗಲಿಲ್ಲ. "ನನ್ನ ಯಾಕೆ ತೆಗೀಲಿಲ್ಲ?"

"ನೀವು ಹಿಡಿಸೋಕೆ ಆ ಫೋನಲ್ಲಿ ಜಾಗ ಬೇಕಲ್ರೀ!" ಅಂದರು ಹೆಂಡತಿ.

"ಜಾಗ ಸಾಲ್ದಿದ್ರೆ ಹೊಸಾ ಫೋನ್ ತತ್ತೀನಿ ಬುಡು!"

ಅಂಗಿ ಬಿಚ್ಚಿ, ಮೀಸೆ ತಿರುವಿ, ಮಣೆ ಏರಿಯೇಬಿಟ್ಟರು. (ಮಣೆ ಕಿರ್ ಅಂದಿತು.) ಶಿವಾನಿ ಮಾವನ ಮನಸ್ಸು ನೋಯದಿರಲಿ ಅಂತ ಒಂದು ಸುತ್ತು ಬಂದಳು. ಪರದೆ ನೋಡಿದಳು. ಮಾವನನ್ನು ನೋಡಿದಳು. ಅವಳ ಕಣ್ಣು ಅರಳಿತು.

"ಮಾವ, ಉಸಿರು ಎಳ್ಕೋಬೇಡಿ, ಹಂಗೇ ಬುಡಿ... ಅಯ್ಯೋ ದೇವ್ರೇ, ಏನು ಏರು! ಏನು ಇಳಿಜಾರು!"

"ಕೇಳುಸ್ಕಂಡ್ಯಾ ಮಂಗ್ಳಾ?" ಅಂದರು ಚಲುವಯ್ಯ, ಎದೆ ಉಬ್ಬಿಸಲು ಹೋಗಿ ಬೇರೇನನ್ನೋ ಉಬ್ಬಿಸಿ.

ಮರುದಿನದಿಂದ ಕೊಪ್ಪದ ಸಂತೆಯಿಂದ ಹಿಡಿದು ಊರ ಟೀ ಅಂಗಡಿಯವರೆಗೆ ಚಲುವಯ್ಯನವರ ಬಾಯಲ್ಲಿ ಒಂದೇ ಸುದ್ದಿ. "ಮೈಸೂರಿನ ಫ್ಯಾಷನ್ ಶೋಗೆ ನಮ್ಮ ಬಾಡಿನೇ ಸೆಲೆಕ್ಟ್ ಆಗದೆ ಕಣ್ರಲಾ!" ಇತ್ತ ಶಿವಾನಿ ಕೋಣೆ ಬಾಗಿಲು ಹಾಕಿಕೊಂಡು ಯಂತ್ರದ ಮುಂದೆ ಕೂತಿದ್ದಳು. ಏನು ಮಾಡಿದ್ದಾಳೆ ಅಂತ ಯಾರಿಗೂ ತೋರಿಸಲಿಲ್ಲ.

ಪ್ರದರ್ಶನದ ದಿನ ಚಲುವಯ್ಯ ಗರಿಗರಿ ಬಿಳಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲೇ ಕೂತರು. ದೀಪ ಆರಿತು. ವೇದಿಕೆಯ ಮೇಲೆ ಕೆಂಪು ಮಣ್ಣಿನ ಬಣ್ಣದ ಹುತ್ತವೊಂದು ನಿಧಾನವಾಗಿ ನಡೆದು ಬಂತು. ಸೊಂಟದಿಂದ ಕೆಳಗೆ ದುಂಡಗೆ ಉಬ್ಬಿ, ಏಣು ಏಣಾಗಿ ಇಳಿದಿತ್ತು. ಭುಜದ ಮೇಲೆ ಗೋಪುರಗಳೆದ್ದಿದ್ದವು. ಸಾವಿರ ತೂತುಗಳಿಂದ ಈಚಲು ಹುಳದ ರೆಕ್ಕೆಯಂಥ ರೇಷ್ಮೆ ಎಳೆಗಳು ಹಾರಾಡುತ್ತಿದ್ದವು. ಅದರ ನಡುವೆ, ತಲೆ ಎತ್ತಿಕೊಂಡು, ಸರ್ವಮಂಗಳಮ್ಮ! ಅವರು ಉಸಿರು ಎಳೆದಾಗ ಒಳಗಿನ ಪುಟ್ಟ ದೀಪಗಳೆಲ್ಲ ಹೊತ್ತಿಕೊಳ್ಳುತ್ತಿದ್ದವು. ಬಿಟ್ಟಾಗ ಮೆಲ್ಲಗೆ ಆರುತ್ತಿದ್ದವು.

ಚಲುವಯ್ಯ ಬಾಯಿ ತೆರೆದವರು ಮುಚ್ಚಲಿಲ್ಲ. ದಿನಾ ಪಕ್ಕದಲ್ಲೇ ಇರುವ ಈ ಉಸಿರು ಇಷ್ಟೊಂದು ಚೆಂದ ಅಂತ ಅವರಿಗೆ ತಿಳಿದೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. "ನಮ್ಮನೆಯೋಳು ಕಣ್ರೀ," ಅಂದರು ಪಕ್ಕದವರಿಗೆ, ಅವರು ಕೇಳದಿದ್ದರೂ.

ಚಪ್ಪಾಳೆ ನಿಂತ ಮೇಲೆ ಶಿವಾನಿ ಮೈಕು ಹಿಡಿದಳು. "ಈ ಉಡುಪಿನ ಮೂಲ ರೂಪ ಕೊಟ್ಟವರು ನಮ್ಮ ಮಾವ, ಚಲುವಯ್ಯನವರು."

ಚಲುವಯ್ಯ ಎದ್ದು ನಿಂತರು. ಸಭೆಯ ನಾಲ್ಕೂ ದಿಕ್ಕಿಗೆ ತಿರುಗಿ, ಚುನಾವಣೆ ಗೆದ್ದವರ ಹಾಗೆ ಕೈ ಮುಗಿದರು. ಆಗ ವೇದಿಕೆಯ ಹಿಂದಿನ ದೊಡ್ಡ ಪರದೆಯ ಮೇಲೆ ಅವರದೇ ರೂಪ ಮೂಡಿತು. ಪಂಚೆ, ಮೀಸೆ, ಬರಿಮೈ. ಅದು ಗರಗರ ತಿರುಗಿತು. ತಲೆ ಮಾಯವಾಯಿತು. ಕೈಕಾಲು ಮಾಯವಾದವು. ಕೊನೆಗೆ ಉಳಿದದ್ದು ಹೊಟ್ಟೆಯೊಂದೇ.

"ನಿಜವಾದ ಹುತ್ತ ಮುಟ್ಟಬಾರದು ಅಂದ್ರು ಮಾವ," ಶಿವಾನಿ ಹೇಳುತ್ತಿದ್ದಳು. "ಹುಡುಕಿದ್ದ ಆಕಾರ ಮನೆಯಲ್ಲೇ ಸಿಕ್ತು."

ಹೊಟ್ಟೆ ಬೆಳೆಯಿತು, ಏಣೆದ್ದಿತು, ತೂತು ಬಿತ್ತು, ಹುತ್ತವಾಯಿತು. ಸಭಾಂಗಣವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು, ನಕ್ಕಿತು, ಮತ್ತೆ ತಟ್ಟಿತು. ಚಲುವಯ್ಯನವರಿಗೆ ಕೂರಬೇಕೋ ಓಡಬೇಕೋ ತಿಳಿಯಲಿಲ್ಲ. ಮುಗಿದ ಕೈಯನ್ನೇ ಹೊಟ್ಟೆಯ ಮುಂದೆ ಅಡ್ಡ ಹಿಡಿದು ನಿಂತರು.

ಶಿವಾನಿ ಅತ್ತೆಯ ಕೈ ಹಿಡಿದು ವೇದಿಕೆಯಿಂದ ಇಳಿಸಿಕೊಂಡು ಓಡಿ ಬಂದಳು. "ಮುಂಚೆನೇ ಹೇಳ್ಬೇಕಿತ್ತು ಮಾವ. ತಪ್ಪಾಯ್ತು, ಹೊಟ್ಟೆಗೆ ಹಾಕ್ಕಳಿ."

"ಅದ್ಹೆಂಗೆ ಹಾಕ್ಕತಾರೆ ಬುಡೇ," ಅಂದರು ಸರ್ವಮಂಗಳಮ್ಮ, ದೀಪಗಳನ್ನೆಲ್ಲ ಒಂದೇ ಉಸಿರಿಗೆ ಹೊತ್ತಿಸುತ್ತಾ. "ಅವರ ಹೊಟ್ಟೆನ ಈಗ ನಾನು ಹಾಕ್ಕಂಡಿವ್ನಿ!"