ನೀಲಿ ಕಾರಿನ ಎರಡನೇ ಕೀ

ಕನ್ನಡಕದಂಗಡಿಯವನು ಕೊಂಡ ಹಳೇ ನೀಲಿ ಕಾರಿಗೆ ಇದ್ದದ್ದು ಒಂದೇ ಕೀ. ಆ ಪುಣ್ಯಾತ್ಮನೋ, ಗಿರಾಕಿಯ ಮೂಗಿನ ಮೇಲೆ ಕನ್ನಡಕ ಏರಿಸಿ ತಾನೇ ಎಲ್ಲೋ ತೇಲಿಹೋಗುವ ಆಸಾಮಿ. ಅವನದು ಒಂದೇ ಆಸೆ. ಭಾನುವಾರ ಮಧ್ಯಾಹ್ನ ಕೆರೆ ದಂಡೆಯ ದೊಡ್ಡ ಮರದಡಿ ಕಾರು ನಿಲ್ಲಿಸಿ, ಸೀಟು ಹಿಂದಕ್ಕೆ ವಾಲಿಸಿ, ಯಾರ ಮಾತೂ ಕಿವಿಗೆ ಬೀಳದಂತೆ ಒಂದು ಗಂಟೆ ನೀರು ನೋಡುತ್ತ ಬಿದ್ದಿರಬೇಕು. ಕಾರು ಕೊಂಡದ್ದೇ ಅದಕ್ಕೆ.

"ಇನ್ನೊಂದು ಕೀ ಮಾಡಿಸದೆ ಕಾರು ಗೇಟು ದಾಟಕೂಡ್ದು," ಅಂದಳು, ಆ ಕಾರನ್ನು ಓಡಿಸಿ ನೋಡಿ ಆರಿಸಿದ್ದ ಹೆಂಡತಿ. "ಇರೋದೊಂದನ್ನ ಕೆರೆಗೆ ಬೀಳಿಸ್ಕೊಂಡು ಕೂತ್ರೆ ಏನ್ರೀ ಗತಿ?"

ಷೋರೂಮಿನವರು ಹೇಳಿದ ರೇಟು ಕೇಳಿ ಅವನಿಗೆ ಕಣ್ಣು ಕತ್ತಲೆ ಬಂದಿತ್ತು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು, ಯಾರೂ ಕೇಳದಿದ್ದರೂ, ಬೇಲಿಯ ಮೇಲಿಂದ ಕತ್ತು ಚಾಚಿದರು. "ಮೂಲೆ ಅಂಗಡಿ ಬೀಗದವನ ಹತ್ರ ಹೋಗಪ್ಪಾ. ಅಗ್ಗದಲ್ಲಿ ಮುಗಿಸ್ತಾನೆ."

ಬೀಗದವನು ಕೀಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದರ ತಲೆಯೊಳಗೆ ಚಿಪ್ ಇದೆ ಸಾರ್. ಅದಿಲ್ದೆ ಬಾಗಿಲು ತೆಗೆಯುತ್ತೆ, ಇಂಜಿನ್ ಏಳಲ್ಲ. ಹೊಸ ಚಿಪ್ ದುಬಾರಿ. ಇದನ್ನೇ ಕಿತ್ತು, ಮನೆಗೇ ಬಂದು ಸ್ಟೀರಿಂಗ್ ಕೆಳಗೆ ಅಂಟಿಸಿಬಿಡ್ತೀನಿ. ಆಮೇಲೆ ಮಾಮೂಲಿ ಕೀ ಸಾಕು."

"ಕಳ್ಳರಿಗೆ ಸುಲಭ ಆಗಲ್ವೇನಯ್ಯ?"

"ಅವರಿಗೂ ಕೀ ಬೇಕಲ್ಲ ಸಾರ್!"

ಭಾನುವಾರ ಬೆಳಿಗ್ಗೆ ಹೊಸ ಕೀ ಹೆಂಡತಿಯ ಕೈ ಸೇರಿತು. "ಭದ್ರವಾಗಿಡು," ಅಂದ. ಅವಳು ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು, "ತಲೆ ಸಿಡೀತಿದೆ. ಊಟ ಆದ್ಮೇಲೆ ಮಲಗ್ತೀನಿ, ದಯವಿಟ್ಟು ಬಾಗಿಲು ತಟ್ಟಬೇಡಿ," ಅಂದಳು.

ಊಟವಾಯಿತು. ಅವನೂ ಆರಾಮಕುರ್ಚಿಯಲ್ಲಿ ಚೂರು ಕಣ್ಣು ಮುಚ್ಚಿದ. ಕನಸಿನಲ್ಲಿ ನೀಲಿ ಕಾರು ದೋಣಿಯಂತೆ ಸದ್ದಿಲ್ಲದೆ ಗೇಟು ದಾಟಿ ನೀರಿಗಿಳಿಯಿತು. ಎಷ್ಟು ಹಿತವಾಗಿತ್ತೆಂದರೆ ಏಳಲು ಮನಸ್ಸೇ ಬರಲಿಲ್ಲ. ಕೊನೆಗೆ ಎದ್ದು, ಫ್ಲಾಸ್ಕಿಗೆ ಚಹಾ ತುಂಬಿಕೊಂಡು, ಬೆಕ್ಕಿನ ಹೆಜ್ಜೆಯಿಟ್ಟು ಹೊರಗೆ ಬಂದರೆ, ಕಾರಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು.

"ಕಳ್ಳತನ!" ಪೋಸ್ಟ್‌ಮಾಸ್ಟರು ಬೀದಿಗೆಲ್ಲ ಕೇಳುವಂತೆ ಕೂಗಿದರು. "ಚಿಪ್ ಕಿತ್ತು ಕಾರಲ್ಲೇ ಅಂಟಿಸ್ತಾರಾ ಯಾರಾದ್ರೂ? ಆ ಬೀಗದವನ ಹತ್ರ ಹೋಗು ಅಂದೋರ್ಯಾರು ನಿಂಗೆ?"

"ನೀವೇ ಸಾರ್."

ಜನ ಸೇರಿದರು. ಒಬ್ಬರು ಪೊಲೀಸು ಅಂದರು, ಇನ್ನೊಬ್ಬರು ಇನ್ಶೂರೆನ್ಸು ಅಂದರು. ಅವನು ಎಲ್ಲರಿಗೂ ಕೈಮುಗಿದ. "ಸ್ವಲ್ಪ ಮೆಲ್ಲಗೆ ಮಾತಾಡಿ. ಪಾಪ, ಇವಳು ಮಲಗಿದ್ದಾಳೆ."

"ನೀಲಿ ಕಾರಾ?" ಅಂದ ಇಸ್ತ್ರಿಯವನು. "ಕೆರೆ ರಸ್ತೆಗೆ ತಿರುಗಿದ್ದು ನೋಡ್ದೆ."

ಪೋಸ್ಟ್‌ಮಾಸ್ಟರು ತಮ್ಮ ಸೈಕಲ್ಲನ್ನೇ ಅವನ ಕೈಗೆ ಕೊಟ್ಟರು. ಏದುಸಿರು ಬಿಡುತ್ತ ತುಳಿದ. ಕಾರು ಹೋದರೆ ಹೋಗಲಿ, ಆ ಒಂದು ಗಂಟೆ ಹೋಯಿತಲ್ಲ ಎಂದು ಅವನಿಗೆ ಅಳುವೇ ಬಂದಿತ್ತು.

ಅದೇ ದೊಡ್ಡ ಮರದಡಿ ಕಾರು ನಿಂತಿತ್ತು. ಸೀಟು ಹಿಂದಕ್ಕೆ ವಾಲಿತ್ತು. ಕಿಟಕಿಯಲ್ಲಿ ಎರಡು ಪಾದಗಳು ಕಂಡವು. ಕಳ್ಳನಿಗೆ ಎಷ್ಟು ಧೈರ್ಯ! ಅವನು ಫ್ಲಾಸ್ಕನ್ನು ಗದೆಯಂತೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೀ ತಿರುಗಿಸಿ ಬಾಗಿಲು ಎಳೆದ.

ಹೆಂಡತಿ ಒಂದು ಕಣ್ಣು ತೆರೆದಳು.

"ನೀನಾ! ತಲೆನೋವು ಅಂದ್ಯಲ್ಲೇ?"

"ಇಲ್ಲಿ ಬಂದ್ಮೇಲೆ ಹೋಯ್ತು ರೀ. ದಿನಾ ಈ ಮರ, ಈ ನೀರು ಅಂತಿದ್ರಲ್ಲ, ನೀವು ಹೇಳಿದ್ದು ನೂರಕ್ಕೆ ನೂರು ನಿಜ." ಅವನ ಕೈಯಿಂದ ಫ್ಲಾಸ್ಕು ತೆಗೆದುಕೊಂಡಳು. "ಚಹಾನೂ ತಂದ್ರಾ? ಬಂಗಾರದಂಥ ಗಂಡ."

ಕರಗಿಹೋದ ಅವನು ಪಕ್ಕದ ಸೀಟಿನತ್ತ ಸುತ್ತಿಕೊಂಡು ಹೊರಟ.

"ಇವತ್ತು ನಂದು ರೀ," ಅಂದಳು ಕಣ್ಣು ಮುಚ್ಚಿಕೊಂಡು. "ನಿಮ್ದು ಮುಂದಿನ ಭಾನುವಾರ. ಹೋಗೋವಾಗ ಬಾಗಿಲು ಮೆಲ್ಲಗೆ ಹಾಕಿ."

ಮೆಲ್ಲಗೆ ಹಾಕಿದ. ಬಿಸಿಲಿಗೆ ಮಿನುಗುತ್ತಿದ್ದ ನೀರನ್ನು ಒಮ್ಮೆ ಕಣ್ತುಂಬ ನೋಡಿ, ಜೇಬಿನಲ್ಲಿದ್ದ ಕಾರಿನ ಕೀ ಮುಟ್ಟಿಕೊಂಡು, ಸೈಕಲ್ ಹತ್ತಿದ.