ಬೆಳೆಸುವ ಸೂಜಿಯ ಫಜೀತಿ

ದನದ ಡಾಕ್ಟರಿಗೆ ದನಗಳಿಂದ ಆಗುವ ಫಜೀತಿ ಕಡಿಮೆ. ದನದ ಸುತ್ತ ನಿಂತವರಿಂದಲೇ ಹೆಚ್ಚು. ಈಚೆಗೆ ನನಗೊಂದು ಸಂಶೋಧನೆಯ ಕೆಲಸ ಬಿತ್ತು. ಇನ್ನೂ ಈಯದ ಮಣಕಗಳಿಗೆ ಒಂದು ಇಂಜೆಕ್ಷನ್ ಕೊಡಬೇಕು. ಅದು ಮಿದುಳಿನ ಬುಡದಲ್ಲಿರುವ ಗ್ರಂಥಿಗೆ ‘ಬೆಳವಣಿಗೆಯ ಹಾರ್ಮೋನ್ ಬಿಡು’ ಎಂದು ಹೇಳುತ್ತದೆ. ಎಷ್ಟು ಬಿಟ್ಟಿತು ಎಂದು ತಿಳಿಯಲು ಆಗಾಗ ರಕ್ತ ತೆಗೆಯಬೇಕು. ಮಣಕ ಗಾಬರಿಯಾದರೆ ಹಾರ್ಮೋನಿನ ಲೆಕ್ಕ ತಪ್ಪಿ ಎಲ್ಲ ಹಾಳು. ನಾನೋ ನಿಂತಲ್ಲಿ ನಿಲ್ಲದ ಮನುಷ್ಯ. ವಿಜಯಪುರದಿಂದ ಹೊರಟರೆ ರಕ್ತ ಇಡುವ ಐಸಿನ ಡಬ್ಬಿ ಬಿಗಿಯಾಗಿದೆಯೋ ಇಲ್ಲವೋ ಎಂದು ದಾರಿಯುದ್ದಕ್ಕೂ ಬೈಕ್ ನಿಲ್ಲಿಸಿ ನೋಡುವವನು.

ತಿಕೋಟಾದ ವರ

ಬೆಳೆಸುವ ಸೂಜಿಯ ಸುದ್ದಿ ನನಗಿಂತ ಮೊದಲೇ ಓಣಿ ಮುಟ್ಟಿತ್ತು. ನಾನು ಸಿರಿಂಜ್ ತೆಗೆಯುವಷ್ಟರಲ್ಲಿ ಪಕ್ಕದ ಮನೆಯ ಯಜಮಾನರು ತಮ್ಮ ಮಗನನ್ನು ತಂದು ಮಣಕದ ಪಕ್ಕ ನಿಲ್ಲಿಸಿದರು. ಗಿಡ್ಡ ಎಂದು ಹೆಣ್ಣಿನವರು ಬೇಡ ಅನ್ನುತ್ತಿದ್ದರಂತೆ. ವರ ನಾಚಿ ತಲೆ ತಗ್ಗಿಸಿದ, ಇನ್ನಷ್ಟು ಗಿಡ್ಡ ಕಂಡ. ಇದು ದನಕ್ಕಷ್ಟೇ ಎಂದು ತಿಳಿಸಿ ಹೇಳಿದೆ. ತಂದೆ ಒಪ್ಪಲಿಲ್ಲ.

“ಹಾಕ್ರಿ ಸಾಹೇಬ್ರ. ತಿನ್ನೂದ್ರಾಗ ಇವಂಗೂ ದನಕ್ಕೂ ಏನೂ ಫರಕ್ ಇಲ್ಲ.”

ನಕ್ಕವರ ಗದ್ದಲಕ್ಕೆ ಮಣಕ ಬೆದರಿತು. ಅವತ್ತಿನ ರಕ್ತ ಕೆಲಸಕ್ಕೆ ಬರಲಿಲ್ಲ.

ಬಬಲೇಶ್ವರದ ತಂಬಾಕು

ಇಲ್ಲಿ ಗಂಡ ಒಂದು ಕೈಯಲ್ಲಿ ಮಣಕದ ಹಗ್ಗ, ಇನ್ನೊಂದು ಅಂಗೈಯಲ್ಲಿ ತಂಬಾಕು ಹಿಡಿದು ನಿಂತಿದ್ದ. ಹೆಂಡತಿ ಸೂಜಿಯ ಬಗ್ಗೆ ಕೇಳಿದಳು. ಇದರಲ್ಲಿ ಬೆಳವಣಿಗೆಯ ಹಾರ್ಮೋನ್ ಇಲ್ಲ, ‘ಹಾರ್ಮೋನ್ ಬಿಡು’ ಎಂಬ ಸಂದೇಶ ಅಷ್ಟೇ ಇದೆ ಎಂದೆ. ಆಕೆ ಗಂಡನ ಅಂಗೈಯನ್ನೇ ನೋಡುತ್ತ ಕೇಳಿದಳು:

“ತಂಬಾಕು ಬಿಡು ಅಂತ ಹೇಳೂ ಸೂಜಿ ಐತೇನ್ರಿ?”

ಗಂಡ ತಕ್ಷಣ ಬಿಟ್ಟ. ತಂಬಾಕನ್ನಲ್ಲ, ಹಗ್ಗವನ್ನು. ಮಣಕ ಸಂತೆಯ ಕಡೆ ಓಡಿತು. ಹಿಂದೆ ಸಿರಿಂಜ್ ಹಿಡಿದ ನಾನು.

ಇಟ್ಟಂಗಿಹಾಳದ ಆಯಿ

ಇನ್ನೊಮ್ಮೆ ಕೆಟ್ಟರೆ ಕೆಲಸ ಬೇರೆಯವರಿಗೆ ಎಂದು ಹಿರಿಯ ಅಧಿಕಾರಿ ಫೋನಿನಲ್ಲಿ ಗದರಿದರು. ಆ ದಿಗಿಲಿನಲ್ಲೇ ಇಟ್ಟಂಗಿಹಾಳಕ್ಕೆ ಹೋದೆ. ಮಣಕ ಸುಮ್ಮನೆ ಮೆಲಕು ಹಾಕುತ್ತಿತ್ತು. ನಾನು ಗಡಿಯಾರ ನೋಡುತ್ತ ಕೊಟ್ಟಿಗೆಯ ಉದ್ದಗಲ ಅಳೆಯತೊಡಗಿದೆ. ನನ್ನನ್ನು ನೋಡಿ ನೋಡಿ ಅದೂ ಕಿವಿ ನಿಮಿರಿಸಿ ಕಾಲು ಬದಲಿಸತೊಡಗಿತು.

ಮನೆಯ ಯಜಮಾನಿ, ವಯಸ್ಸಾದ ಆಯಿ, ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಹೊರಸಿನ ಮೇಲೆ ಕೂರಿಸಿ, ಮಣಕದ ಹಗ್ಗದ ತುದಿಯನ್ನು ನನ್ನ ಮುಂಗೈಗೇ ಸುತ್ತಿ ಗಂಟು ಹಾಕಿದಳು. “ನೀವು ಎದ್ರ ಅದೂ ಏಳ್ತೈತಿ. ಸುಮ್ನ ಕುಂಡ್ರಿ.” ರಕ್ತ ತೆಗೆಯುವ ಹೊತ್ತಿಗಷ್ಟೇ ಬಿಚ್ಚುವಳು, ಮುಗಿದೊಡನೆ ಮತ್ತೆ ಬಿಗಿಯುವಳು. ಅಲುಗಾಡದೆ ಮಜ್ಜಿಗೆ ಕುಡಿದೆ.

ವರದಿ ಚೆನ್ನಾಗಿ ಬಂತು. ಎರಡನೆಯ ಸುತ್ತಿಗೆ ಅಲ್ಲಿಗೇ ಹೋಗಿದ್ದಾಗ ಅಧಿಕಾರಿಯ ಫೋನ್. ಒಂದು ಕೈಗೆ ಹಗ್ಗದ ಗಂಟು, ಇನ್ನೊಂದರಲ್ಲಿ ಮಜ್ಜಿಗೆ, ಸ್ಪೀಕರ್ ಹಾಕಿದೆ. ಹೋದ ಸಲ ಮಣಕವನ್ನು ಅಷ್ಟು ಶಾಂತವಾಗಿಡಲು ಏನು ಮಾಡಿದಿರಿ ಎಂದು ಅವರು ಬಹಳ ಗೌರವದಿಂದ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆಯಿ ಫೋನಿಗೆ ಬಗ್ಗಿದಳು.

“ಮಣಕಕ್ಕ ಏನೂ ಮಾಡಿಲ್ರಿ ಸಾಹೇಬ್ರ. ನಿಮ್ಮ ಡಾಕ್ಟರನ್ನ ಕಟ್ಟಿ ಹಾಕೀನಿ.”